ರಾಗಿ ತುಂಬಿದ ತೊಟ್ಟಿಲು

ರಾಗಿ ಸುರಿಯುವ ಸದ್ದು ಕೇಳಿದರೆ ನಾನು ಈಗಲೂ ಬೆಚ್ಚುತ್ತೇನೆ. ಮನೆಯ ಹೆಂಗಸರು ಮೊರಕ್ಕೆ ಒಂದು ಬೊಗಸೆ ಸುರಿದರೂ ಸಾಕು, ಕೈಯಲ್ಲಿದ್ದ ಕೆಲಸ ನಿಂತು ಕಣ್ಣು ತೊಲೆಯ ಕಡೆಗೆ ಹೋಗುತ್ತದೆ. ಕೋಟೆಯ ತೋಪುಗಳ ಸದ್ದಿನ ನಡುವೆ ಕೂತು ಮುದ್ದೆ ಉಂಡವನು ನಾನು. ಅವು ಯಾವುವೂ ನನ್ನನ್ನು ಹೀಗೆ ನಡುಗಿಸಲಿಲ್ಲ.

ಸುಲ್ತಾನರ ಕಾಲದಲ್ಲಿ, ಕೋಟೆ ಬೀಳುವುದಕ್ಕೆ ಕೆಲವು ವರ್ಷ ಮುಂಚೆ, ನಾನು ಶ್ರೀರಂಗಪಟ್ಟಣದ ಕಬ್ಬಿಣದ ಕಾರ್ಖಾನೆಯಲ್ಲಿದ್ದೆ. ನಮ್ಮದು ಕಮ್ಮಾರರ ಮನೆ. ಊರು ನಾಗಮಂಗಲದ ಆಚೆ, ದೇವಲಾಪುರದ ಹತ್ತಿರ. ಊರಿನ ಕುಲುಮೆಯಲ್ಲಿ ಒಬ್ಬನೇ ಕಮ್ಮಾರ ನೇಗಿಲ ಗುಳವನ್ನೂ ಮಾಡುತ್ತಾನೆ, ಕುಡುಗೋಲನ್ನೂ ಮಾಡುತ್ತಾನೆ. ಕಾರ್ಖಾನೆಯಲ್ಲಿ ಹಾಗಲ್ಲ. ಬೆಳಗಿನ ನಗಾರಿಗೆ ಏಳಬೇಕು, ಎರಡನೆಯ ನಗಾರಿಗೆ ತನ್ನ ಜಾಗದಲ್ಲಿ ನಿಂತಿರಬೇಕು. ಒಬ್ಬ ಕಾಯಿಸುತ್ತಾನೆ, ಒಬ್ಬ ಬಡಿಯುತ್ತಾನೆ, ಒಬ್ಬ ಉಜ್ಜುತ್ತಾನೆ. ನನ್ನದು ಅದ್ದುವ ಕೆಲಸ. ಕೆಂಪಗೆ ಕಾದ ಕತ್ತಿಯ ಅಲಗನ್ನು ಇಕ್ಕಳದಲ್ಲಿ ಹಿಡಿದು, ಬಣ್ಣ ನೋಡಿ, ನೀರಿನ ತೊಟ್ಟಿಗೆ ಅದ್ದುವುದು. ಅದ್ದಿದ್ದನ್ನು ಪಕ್ಕದವನ ಹಲಗೆಯ ಮೇಲೆ ಇಡುವುದು. ಅವನು ಅದನ್ನು ಏನು ಮಾಡುತ್ತಾನೆಂದು ತಿರುಗಿ ನೋಡಲು ಪುರುಸೊತ್ತಿರಲಿಲ್ಲ, ನೋಡಬೇಕೆಂದೂ ಇರಲಿಲ್ಲ. ಹದಿನಾಲ್ಕು ವರ್ಷ ಹೀಗೆ ನಡೆಯಿತು. ಒಂದು ದಿನವೂ ನಾನು ತಡವಾಗಿ ಹೋದವನಲ್ಲ.

ಮಗಳು ಹೆರಿಗೆಗೆ ಬಂದಿದ್ದಾಳೆಂದು ಮನೆಯಿಂದ ಸುದ್ದಿ ಬಂತು. ಅವಳಿಗೆ ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಮೂರನೆಯದು ಎಂಟು ತಿಂಗಳು ದಾಟಿತ್ತು. ನಾನು ಕಾರ್ಖಾನೆಯ ಮೇಲ್ವಿಚಾರಕ ದಾರೋಗನ ಮುಂದೆ ನಿಂತು ಒಂದು ತಿಂಗಳ ರಜೆ ಕೇಳಿದೆ. ಅಳತೆಗೆ ಸಾಲದೆ ಮೂಲೆಗೆ ಬಿದ್ದಿದ್ದ ಒಳ್ಳೆಯ ಉಕ್ಕಿನ ತುಂಡುಗಳನ್ನೂ ಕೇಳಿದೆ. ಎರಡಕ್ಕೂ ಅವನು ಹೂಂ ಅಂದ. ಉಕ್ಕನ್ನು ಗಂಟು ಕಟ್ಟಿ ಹೆಗಲಿಗೇರಿಸಿ, ಹಿರೋಡೆ ದಾಟಿ, ತೊಣ್ಣೂರು ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿ ಉಂಡು, ಎರಡನೆಯ ದಿನ ಸಂಜೆ ಮನೆ ಸೇರಿದೆ.

ಮನೆಯೊಳಗೆ ಕಾಲಿಟ್ಟು ಸುತ್ತ ನೋಡಿದೆ. ಹೆರಿಗೆಯ ಮನೆ ಅನ್ನುವ ಗುರುತೇ ಇರಲಿಲ್ಲ. ತೊಟ್ಟಿಲಿಲ್ಲ, ಕೂಸಿಗೆ ಒಂದು ತುಂಡು ಬಟ್ಟೆ ಎತ್ತಿಟ್ಟಿಲ್ಲ.

"ಅವ್ವ, ಏನೂ ತಯಾರೇ ಮಾಡಿಲ್ವಲ್ಲ!" ಅಂದೆ.

ನನ್ನ ತಾಯಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಮೊರ ಅದೆ. ನನ್ನ ಅಳೇ ಸೀರೆ ಅದೆ. ಇನ್ನೇನ್ಲಾ ಬೇಕು? ಬರೋದು ಕೂಸು, ದಂಡಲ್ಲ."

ಯುದ್ಧ ಶುರುವಾದ ಮೇಲೆ ಕತ್ತಿ ಬಡಿಯಲು ಕೂರುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹೆಂಗಸರಿಗೆ ಮುಂಜಾಗ್ರತೆ ತಿಳಿಯದು ಎಂದುಕೊಂಡೆ. ಯಾಕೆ ಹೀಗೆ ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ಮರುದಿನ ಬೆಳಗ್ಗೆಯೇ ಕೆಲಸ ಹಿಡಿದೆ. ಹಿತ್ತಲಿನಲ್ಲಿ ಹಿಂದಿನ ವರ್ಷ ಬಿದ್ದ ಹಲಸಿನ ಮರದ ಹಲಗೆಗಳು ಒಣಗಿದ್ದವು. ಮರಗೆಲಸ ನನ್ನ ಕಸುಬಲ್ಲ, ಆದರೆ ಅಳತೆ ತಪ್ಪದಿದ್ದರೆ ಯಾವ ಕೆಲಸವೂ ಕೈ ಬಿಡುವುದಿಲ್ಲ. ಮುಂಜಾನೆ ಕೊಯ್ಯುವುದು, ಬಿಸಿಲೇರಿದ ಮೇಲೆ ಉಜ್ಜುವುದು, ಊಟವಾದ ಮೇಲೆ ತೂತು ಕೊರೆಯುವುದು. ಹಲಗೆಗೆ ಹಲಗೆಯನ್ನು ಮರದ ಗೂಟಗಳಲ್ಲೇ ಬಿಗಿದೆ. ಕೂಸಿನ ಮೈಗೆ ಚುಚ್ಚಬಾರದೆಂದು ಅಂಚುಗಳನ್ನು ಮರಳಿನಲ್ಲಿ ತಿಕ್ಕಿ, ಹರಳೆಣ್ಣೆ ಹಚ್ಚಿದೆ.

ಆಮೇಲೆ ಸರಪಳಿ. ಇದು ನನ್ನ ಕಸುಬು. ಊರಿನಲ್ಲೇ ಉಳಿದಿದ್ದ ಅಣ್ಣನ ಕುಲುಮೆಯಲ್ಲಿ ಕೂತು, ತಂದ ಉಕ್ಕನ್ನು ಕಾಯಿಸಿ, ಬೆರಳು ಗಾತ್ರದ ಬಳೆಗಳನ್ನು ಬಗ್ಗಿಸಿ, ಒಂದರೊಳಗೊಂದು ಕೂಡಿಸಿದೆ. ನಾಲ್ಕು ಮೂಲೆಗೆ ನಾಲ್ಕು ಸರ, ಮೇಲೆ ತೊಲೆಗೆ ಸಿಕ್ಕಿಸಲು ಒಂದು ದಪ್ಪ ಕೊಕ್ಕೆ. ಒಂದೊಂದು ತುಂಡು ಮುಗಿದಾಗಲೂ ಕೆಂಪಗೆ ಕಾಯಿಸಿ ನೀರಿಗದ್ದಿದೆ. ಚುಂಯ್ ಅಂದ ಸದ್ದು ಕೇಳಿ ಸಂತೋಷವಾಯಿತು.

ಅಣ್ಣ ತಿದಿ ಒತ್ತುತ್ತಿದ್ದವನು ಕತ್ತು ಚಾಚಿ ನೋಡಿದ. "ಅದ್ಯಾಕ್ಲಾ ನೀರ್ಗೆ ಅದ್ತಾ ಇದ್ದೀಯೆ? ತೊಟ್ಲು ಕಾಳಗಕ್ಕೆ ಓಯ್ತದಾ?"

"ಪಟ್ಣದಲ್ಲಿ ಹಿಂಗೇ ಮಾಡೋದು ಅಣ್ಣ. ನಿಂಗೆ ಗುಳ ಬಿಟ್ರೆ ಏನು ಗೊತ್ತು?"

"ಅಂಗೋ? ಸರಿ ಬುಡಪ್ಪ. ನಮ್ಮ ಗುಳ ಕಲ್ಗೆ ಒಡುದ್ರೂ ಬಗ್ತದೆ ಅಷ್ಟೆ. ನಿಮ್ ಪಟ್ಣದ್ದು ಬಗ್ಗೋ ಪೈಕಿ ಅಲ್ಲ."

ಇಬ್ಬರೂ ನಕ್ಕೆವು. ಅವನು ಹೇಳಿದ್ದು ನನ್ನ ಕಿವಿಗೆ ಹೊಗಳಿಕೆಯಾಗಿ ಬಿತ್ತು.

ಹನ್ನೊಂದನೆಯ ದಿನ ತೊಟ್ಟಿಲು ಮುಗಿಯಿತು. ಹೆಂಗಸರು ಹೊಳೆಗೆ ಹೋಗಿದ್ದ ಹೊತ್ತಿನಲ್ಲಿ ನಡುಮನೆಯ ತೊಲೆಗೆ ತೂಗುಹಾಕಿದೆ. ಅವರು ಒದ್ದೆ ಬಟ್ಟೆ ಹೊತ್ತು ಒಳಗೆ ಬಂದಾಗ, ಎಷ್ಟು ನಯವಾಗಿ ಹೋಗುತ್ತದೆ ನೋಡಿ ಎಂದು ತೋರಿಸಲು, ಒಂದು ಸಲ ಕೈಯಿಂದ ತೂಗಿದೆ.

ಮಗಳ ಕೈಯಿಂದ ಬಟ್ಟೆಯ ಗಂಟು ಬಿತ್ತು. ಅವಳು ಎರಡೂ ಕೈಯಿಂದ ಹೊಟ್ಟೆಯನ್ನು ಅವುಚಿಕೊಂಡು ಗೋಡೆಗೆ ಒರಗಿದಳು. ಅವ್ವ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿಬಂದರು.

"ಅಯ್ಯೋ ಮುಂಡೇಗಂಡ! ಬರೀ ತೊಟ್ಲ ತೂಗ್ಬುಟ್ಟಲ್ಲೋ! ಕೂಸು ಉಟ್ಟೋಕ್ ಮುಂಚೆ ಯಾರಾರ ತೊಟ್ಲು ಕಟ್ತಾರೇನೋ? ಎರಡು ಕಳ್ಕಂಡವ್ಳೆ ಕಣೋ ಅವ್ಳು!"

ತೊಟ್ಟಿಲು ಇನ್ನೂ ಅತ್ತಿಂದಿತ್ತ ತೂಗುತ್ತಿತ್ತು. ಹಿಡಿದು ನಿಲ್ಲಿಸಬೇಕೆಂದೂ ನನಗೆ ತೋಚಲಿಲ್ಲ. ಅದೇ ಜನರ ನಡುವೆ ಹುಟ್ಟಿ ಬೆಳೆದವನಿಗೆ ಖಾಲಿ ತೊಟ್ಟಿಲನ್ನು ತೂಗಬಾರದೆಂಬುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಕಾರ್ಖಾನೆಯಲ್ಲಿ ಮೊದಲು ಸಾಮಾನು, ಆಮೇಲೆ ಅದನ್ನು ಹಿಡಿಯುವವನು. ಆ ಲೆಕ್ಕದ ಅಡಿಯಲ್ಲಿ ಉಳಿದದ್ದೆಲ್ಲ ಹೂತುಹೋಗಿತ್ತು.

ಮಗಳು ಆ ಮಧ್ಯಾಹ್ನ ಉಣ್ಣಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತಳು. ಬಿಚ್ಚಿಬಿಡುತ್ತೇನೆ ಎಂದರೆ ಅವ್ವ ನನ್ನ ಕೈ ಹಿಡಿದಳು. ಕಟ್ಟಿದ ತೊಟ್ಟಿಲನ್ನು ಬಸುರಿಯ ಮುಂದೆ ಬಿಚ್ಚುವುದು ಇನ್ನೂ ಕೆಟ್ಟದ್ದಂತೆ. ಸ್ವಲ್ಪ ಹೊತ್ತು ಯೋಚಿಸಿ, ಒಳಗಿನಿಂದ ರಾಗಿ ತಂದು ತೊಟ್ಟಿಲಿಗೆ ಸುರಿಯತೊಡಗಿದಳು. ಆರು ಕೊಳಗ ಸುರಿದು, ಮೇಲೆ ಅಂಗೈಯಿಂದ ಸಮ ಮಾಡಿದಳು.

"ಇದು ತೊಟ್ಲಲ್ಲ ಕಣವ್ವ," ಎಂದು ಮೊಮ್ಮಗಳನ್ನು ಕರೆದು ತೋರಿಸಿದಳು. "ನಿಮ್ಮಪ್ಪ ಇಲಿ ಕಾಟ ತಡೀನಾರ್ದೆ ರಾಗಿಗೆ ಪೆಟ್ಗೆ ಮಾಡವ್ನೆ. ಮೇಲ್ಗಡೆ ನೇತಾಕವ್ನೆ. ಬಾ, ಉಣ್ಣು."

ಮಗಳು ನನ್ನ ಮುಖ ನೋಡಿದಳು. ನಾನು "ಹೌದು, ಇಲಿ ಜಾಸ್ತಿ" ಅಂದೆ. ಅವಳು ಒಂದು ಮುದ್ದೆಯಲ್ಲಿ ಅರ್ಧ ಉಂಡಳು.

ಒಳಗೊಳಗೇ ನನಗೆ ಸಿಟ್ಟಿತ್ತು. ಕೂಸಿಗೆಂದು ಮಾಡಿದ ಸಾಮಾನು ಧಾನ್ಯದ ಪೆಟ್ಟಿಗೆಯಾಯಿತಲ್ಲ ಎಂದು. ದಿನಾ ಬೆಳಗ್ಗೆ ಮಗಳೇ ಅದರಿಂದ ಬೀಸುವುದಕ್ಕೆ ಬೇಕಾದಷ್ಟು ರಾಗಿ ತೆಗೆಯುತ್ತಿದ್ದಳು, ಅವ್ವ ತೆಗೆದಷ್ಟನ್ನು ಮತ್ತೆ ತುಂಬುತ್ತಿದ್ದಳು. ಬರಿದಾಗಬಾರದು ಎಂಬುದೊಂದೇ ಅವಳ ನೇಮ. ನೇಮ ಅಂದಮೇಲೆ ನಾನೂ ಒಪ್ಪಿಕೊಂಡೆ.

ರಾಗಿ ತುಂಬಿಸಿದ್ದಕ್ಕೆ ಒಂಬತ್ತನೆಯ ದಿನ ಬೆಳಗ್ಗೆ ನಾನು ಜಗಲಿಯ ಮೇಲೆ ಕುಡುಗೋಲಿಗೆ ಹಿಡಿ ಹಾಕುತ್ತಿದ್ದೆ. ಒಳಗೆ ಅವ್ವ ರಾಗಿ ತುಂಬಿ ಮುಗಿಸಿದ್ದಳು. ತೊಟ್ಟಿಲು ಸ್ವಲ್ಪ ಅಲುಗಿರಬೇಕು. ಟಣ್ ಎಂದು ಒಂದು ಸದ್ದು. ಅದರ ಹಿಂದೆಯೇ ಮನೆ ಅದುರುವ ಹಾಗೆ ಇನ್ನೊಂದು. ಆಮೇಲೆ ಜರಜರ ಜರಜರ ಎಂದು ರಾಗಿ ಹರಿಯುವ ಸದ್ದು. ಅದು ನಿಲ್ಲುವುದೇ ಇಲ್ಲವೇನೋ ಅನ್ನಿಸಿತು.

ಓಡಿಹೋಗಿ ನೋಡಿದರೆ ತೊಟ್ಟಿಲು ನೆಲದ ಮೇಲೆ ಮಗುಚಿ ಬಿದ್ದಿತ್ತು. ಮಗಳು ಅಲ್ಲಿಂದ ಒಂದು ಮಾರು ದೂರದಲ್ಲಿ ಬೀಸುವ ಕಲ್ಲಿನ ಮುಂದೆ ಕೂತಿದ್ದಳು. ಅವಳ ಮಡಿಲ ತನಕ ರಾಗಿ. ಕಣ್ಣುಗಳು ಅಗಲಕ್ಕೆ ತೆರೆದಿದ್ದವು.

"ಓಯ್ತು ಅಜ್ಜಿ," ಅಂದಳು. "ಇದೂ ಓಯ್ತು ಅನ್ಸ್ತದೆ."

ಅವ್ವ ಅವಳನ್ನು ತಬ್ಬಿಕೊಂಡು, "ದೃಷ್ಟಿ ಕಣವ್ವ, ದೃಷ್ಟಿ ಬಿದ್ದು ಓಯ್ತು, ಬುಡು" ಎಂದು ಬೆನ್ನು ಸವರುತ್ತಿದ್ದಳು. ಆದರೆ ಅವಳಿಗೂ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಖಾಲಿ ತೊಟ್ಟಿಲು ತೂಗಿತು, ತುಂಬಿದ ತೊಟ್ಟಿಲು ಕಳಚಿ ಬಿತ್ತು. ಇದಕ್ಕಿಂತ ಕೆಟ್ಟ ಶಕುನ ಬೇಕೆ?

ನಾನು ರಾಗಿಯೊಳಗೆ ಕೈಹಾಕಿ ಕೊಕ್ಕೆಯನ್ನು ಹುಡುಕಿದೆ. ಎರಡು ತುಂಡಾಗಿತ್ತು. ಬಗ್ಗಿರಲಿಲ್ಲ, ಹಿಗ್ಗಿರಲಿಲ್ಲ. ಮಡಕೆಯ ಚೂರಿನಂತೆ ಸಾಫಾಗಿ ಮುರಿದಿತ್ತು. ಮುರಿದ ಬಾಯಿ ಬಿಳಿಚಿಕೊಂಡು ಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಹೊಳೆಯಿತು. ಪಕ್ಕದವನು! ಕಾರ್ಖಾನೆಯಲ್ಲಿ ನಾನು ಅದ್ದಿಟ್ಟ ಅಲಗನ್ನು ಪಕ್ಕದ ಹಲಗೆಯವನು ಮತ್ತೆ ಕೆಂಡದ ಮೇಲೆ ಮೆಲ್ಲಗೆ ಕಾಯಿಸಿ, ಮುರಿಯುವ ಪೆಡಸನ್ನು ತೆಗೆಯುತ್ತಿದ್ದಿರಬೇಕು. ಅವನಿಲ್ಲದೆ ನನ್ನ ಉಕ್ಕು ಬರಿಯ ಗಾಜು. ಹದಿನಾಲ್ಕು ವರ್ಷ ನಾನು ಅರ್ಧ ಕೆಲಸವನ್ನು ಪೂರ್ತಿ ಕೆಲಸವೆಂದು ತಿಳಿದಿದ್ದೆ. ತೊಟ್ಟಿಲ ಕೊಕ್ಕೆಗೆ ಅದ್ದುವುದೇ ಬೇಕಿರಲಿಲ್ಲ. ಸಾದಾ ಕಬ್ಬಿಣ, ಬೂದಿಯಲ್ಲಿ ತಾನಾಗಿ ಆರಿದ್ದರೆ ಸಾಕಿತ್ತು. ಈ ಮಾತು ಊರಿನ ಯಾವ ಕಮ್ಮಾರನಿಗೂ ಗೊತ್ತು. ನನಗೂ ಒಂದು ಕಾಲದಲ್ಲಿ ಗೊತ್ತಿತ್ತು. ಅಣ್ಣ ನಗುತ್ತಾ ಹೇಳಿಯೂ ಇದ್ದ.

ಆ ರಾಗಿಯ ಜಾಗದಲ್ಲಿ ಕೂಸಿದ್ದಿದ್ದರೆ? ಇಂದಲ್ಲದಿದ್ದರೆ ಅದು ಬೆಳೆದು ಒದೆಯುವ ಕಾಲಕ್ಕೆ?

ದೃಷ್ಟಿ ಎಂದು ಬಿಟ್ಟುಬಿಟ್ಟರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅಲುಗಾಟ ಬರುತ್ತದೆಯೇ ಎಂದು ಕಾಯುತ್ತಿದ್ದಳು. ಆ ಮುಖ ನೋಡಲಾಗಲಿಲ್ಲ. ಎದ್ದುಹೋಗಿ ಅಣ್ಣನ ಕುಲುಮೆಯಿಂದ ಸುತ್ತಿಗೆ, ಒಂದು ಕಬ್ಬಿಣದ ದಿಮ್ಮಿ, ನೇಗಿಲಿನ ಒಂದು ಹಳೆಯ ಮೊಳೆ ತಂದೆ. ಅಣ್ಣನೂ ಹಿಂದೆಯೇ ಬಂದ.

"ಇಲ್ಲಿ ನೋಡು ಮಗಾ," ಅಂದೆ. "ಇದು ಶಕುನ ಅಲ್ಲ, ದೃಷ್ಟಿನೂ ಅಲ್ಲ. ನಾನು ಮಾಡಿದ ತಪ್ಪು."

ನೇಗಿಲಿನ ಮೊಳೆಯನ್ನು ದಿಮ್ಮಿಯ ಮೇಲಿಟ್ಟು ಹೊಡೆದೆ. ಅದು ಬಾಗಿತು. ಮತ್ತೆ ಹೊಡೆದೆ, ಮಡಿಚಿಕೊಂಡಿತು, ಮುರಿಯಲಿಲ್ಲ. ಆಮೇಲೆ ನನ್ನ ಸರಪಳಿಯ ಒಂದು ಬಳೆ ಇಟ್ಟು ಮೆಲ್ಲಗೆ ತಟ್ಟಿದೆ. ಟಣ್ ಎಂದು ಎರಡಾಯಿತು.

ತಪ್ಪು ನನ್ನದು ಎಂಬ ಮಾತನ್ನು ನನ್ನ ಬಾಯಿಂದ ಮನೆಯವರು ಕೇಳಿದ್ದು ಅದೇ ಮೊದಲು.

ಮಗಳು ಮಡಿಲ ರಾಗಿ ಕೊಡವಿಕೊಂಡು ಹತ್ತಿರ ಸರಿದಳು. ಮುರಿದ ತುಂಡನ್ನು ಬೆರಳಲ್ಲಿ ಮುಟ್ಟಿ ನೋಡಿದಳು. "ಸುತ್ಗೆ ಕೊಡಪ್ಪ," ಅಂದಳು.

ಕೊಟ್ಟೆ. ಅವಳು ಇನ್ನೊಂದು ಬಳೆ ಇಟ್ಟು ತಟ್ಟಿದಳು. ಮುರಿಯಿತು. ಇನ್ನೊಂದು. ಅದೂ ಮುರಿಯಿತು. ನಾಲ್ಕೂ ಸರಗಳ ಒಂದೊಂದು ಬಳೆಯನ್ನೂ, ಒಂದನ್ನೂ ಬಿಡದೆ, ಅವಳೇ ಮುರಿದಳು. ಕೊನೆಯದಕ್ಕೆ ಬರುವ ಹೊತ್ತಿಗೆ ಅವಳ ಮುಖಕ್ಕೆ ಬಣ್ಣ ಬಂದಿತ್ತು. ಸುತ್ತಿಗೆ ಕೆಳಗಿಟ್ಟವಳು ತಟ್ಟನೆ ಹೊಟ್ಟೆ ಹಿಡಿದುಕೊಂಡಳು. ನನ್ನ ಜೀವವೇ ಹೋಯಿತು.

"ಒದೀತು ಅಜ್ಜಿ," ಎಂದು ನಕ್ಕಳು. "ಸದ್ದಿಗೆ ಎದ್ದದೆ."

"ಇನ್ನೇನ್ಮಾಡ್ತದೆ? ಅದ್ಕೂ ಅವ್ರಜ್ಜನ ಮೇಲೆ ಸಿಟ್ಟು," ಅಂದ ಅಣ್ಣ.

ಕೂಸು ಹದಿನೈದು ದಿನ ಬಿಟ್ಟು ಹುಟ್ಟಿತು. ಹೆಣ್ಣು. ಮೊದಲು ಮಲಗಿದ್ದು ಮೊರದಲ್ಲಿ, ಅವ್ವನ ಹಳೆಯ ಸೀರೆಯ ಮೇಲೆ. ಸರಪಳಿಯನ್ನು ಅಣ್ಣ ಹಳೆಯ ಗುಳದ ಕಬ್ಬಿಣದಲ್ಲಿ ಮಾಡಿ ಬೂದಿಯಲ್ಲಿ ಹೂತಿಟ್ಟ. ನಾನು ತಿದಿ ಒತ್ತಿದೆ, ಅಷ್ಟೇ. ನನ್ನ ರಜೆ ಮುಗಿದಿದ್ದರೂ ತೊಟ್ಟಿಲಿಗೆ ಹಾಕುವ ತನಕ ಊರಲ್ಲೇ ನಿಂತೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ತಡವಾಗಿ ಹೋಗಿ ದಾರೋಗನಿಂದ ಬೈಸಿಕೊಂಡೆ.

ತೊಟ್ಟಿಲಿಗೆ ಹಾಕುವ ದಿನ ನೆಂಟರೆಲ್ಲ ಸೇರಿದ್ದರು. ಮಗಳು ಕೂಸನ್ನು ಎತ್ತಿಕೊಂಡು ಬಂದರೆ ನಾನು ಅಡ್ಡ ನಿಂತಿದ್ದೆ. ತೊಟ್ಟಿಲ ತುಂಬ ಆರು ಕೊಳಗ ರಾಗಿ. ಕೊಕ್ಕೆ ತಡೆಯುತ್ತದೆಯೇ ಎಂದು ಬೆಳಗಿನಿಂದ ತೂಗುತ್ತಲೇ ಇದ್ದೆ.

"ಅಪ್ಪ, ರಾಗಿಗೆ ನಿದ್ದೆ ಬಂದದೆ ಬುಡು," ಅಂದಳು ಮಗಳು. "ಈಗ ಇದನ್ನ ಮಲುಗ್ಸು."

ರಾಗಿಯನ್ನು ಗೋರಿ ತೆಗೆದೆ. ಅವ್ವ ನನ್ನ ಕೈ ತಡೆದು, ಒಂದು ಹಿಡಿ ಅಲ್ಲೇ ಮೂಲೆಯಲ್ಲಿ ಉಳಿಸಿ, ಅದರ ಮೇಲೆ ಸೀರೆ ಹಾಸಿದಳು.