ಪಕ್ಕದ ಸೀಟಿನ ಟವೆಲ್

ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ನಿಮಗೂ ಗೊತ್ತಿರುತ್ತದೆ. ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ನಾನು ಅದರಲ್ಲಿ ಪಾರಂಗತನೆಂಬ ಖ್ಯಾತಿ ಪಡೆದಿದ್ದೆ. ಮೂಡಲಗಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಎರಡನೆಯ ಕಿಟಕಿಯಲ್ಲಿ ನನ್ನ ಕೆಂಪಂಚಿನ ಟವೆಲ್ ಬಿದ್ದಿರುತ್ತಿತ್ತು. ಕಲ್ಲೋಳಿಯ ತವರಿಗೆ ಹೊರಟ ನನ್ನ ಹೆಂಡತಿ ಗೌರವ್ವ ಚೀಲ ಹಿಡಿದು, ಅವಸರವೆಂಬುದೇ ಇಲ್ಲದೆ ಹಿಂದಿನಿಂದ ಬರುತ್ತಿದ್ದಳು. ಇತಿಹಾಸದ ಅಧ್ಯಾಪಕನೊಬ್ಬ ಸಾರ್ವಜನಿಕವಾಗಿ ಮೆರೆದ ಏಕೈಕ ಪರಾಕ್ರಮ ಅದು.

ಮೂಡಲಗಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಗ್ರೀಕ್ ಮತ್ತು ರೋಮನ್ ಇತಿಹಾಸ ಕಲಿಸಿದೆ. ಆ ದೇಶಗಳನ್ನು ಮಾತ್ರ ನೋಡಿರಲಿಲ್ಲ. ಮರುದಿನದ ಪಾಠವನ್ನು ಹಿಂದಿನ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಗೌರವ್ವನಿಗೆ ಒಪ್ಪಿಸುವುದು ನನ್ನ ಪದ್ಧತಿ. ಆಕೆ ರೊಟ್ಟಿ ಬಡಿಯುತ್ತಲೇ ಸಾಮ್ರಾಜ್ಯಗಳ ಉದಯಾಸ್ತಮಾನಗಳನ್ನೆಲ್ಲ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದಳು: "ಅವನ ಹೆಂಡ್ತಿ ಏನಾದ್ಲರಿ?" ಬಹುತೇಕ ಚಕ್ರವರ್ತಿಗಳ ವಿಷಯದಲ್ಲಿ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಇಬ್ಬರೂ ಹೋಗಿ ನೋಡಿಬರೋಣವೆಂದುಕೊಂಡಿದ್ದೆವು. ಎರಡು ವರ್ಷದ ಹಿಂದೆ, ಬೆಳಗಾವಿಯ ಆಸ್ಪತ್ರೆಯಲ್ಲಿ, ನಾನು ಚಹಾ ತರಲು ಕೆಳಗಿಳಿದಿದ್ದಾಗ ಆಕೆ ತೀರಿಕೊಂಡಳು. ಬರುತ್ತೇನೆಂದು ಆಕೆ ಹೇಳಲಿಲ್ಲ, ಹೋಗಿ ಬಾ ಎಂದು ನಾನೂ ಹೇಳಲಿಲ್ಲ.

ಈಚೆಗೆ ಬೆಳಗಾವಿಯ ಕ್ರೈಸ್ತ ಯಾತ್ರಿಕರ ತಂಡವೊಂದು ಆದಿಕ್ರೈಸ್ತರ ನೆಲೆಗಳನ್ನು ನೋಡಲು ತುರ್ಕಿ, ಗ್ರೀಸ್ ದೇಶಗಳಿಗೆ ಹೊರಟಾಗ ನಾನೂ ಸೇರಿಕೊಂಡೆ. ಕೊರಳಲ್ಲಿ ಲಿಂಗ ಕಟ್ಟಿದವನನ್ನು ಅವರು ಆದರದಿಂದಲೇ ಕರೆದೊಯ್ದರು. ಪ್ರಾರ್ಥನೆ ಅವರ ಪಾಲಿಗೆ, ಪಾಠ ನನ್ನ ಪಾಲಿಗೆ ಎಂದು ನಗುತ್ತಲೇ ಒಪ್ಪಂದವಾಯಿತು. ಮೊದಲ ದಿನ ಅಲ್ಲಿಯ ಬಸ್ಸು ಕಂಡದ್ದೇ ತಡ, ಕಾಲುಗಳು ತಾವಾಗಿಯೇ ಓಡಿದವು. ಆ ಬಸ್ಸಿನ ಕಿಟಕಿ ತೆರೆಯುವುದಿಲ್ಲ. ಆದ್ದರಿಂದ ಎಲ್ಲರಿಗಿಂತ ಮುಂಚೆ ಹತ್ತಿ, ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಕೂತೆ. ಕೂತ ಮೇಲೆ ನೆನಪಾಯಿತು, ಹಿಂದಿನಿಂದ ಬರುವವರು ಯಾರೂ ಇಲ್ಲ. ತೆಗೆಯಲು ಮಾತ್ರ ಕೈ ಬರಲಿಲ್ಲ. ನಮ್ಮ ಕಡೆಯವರು ಮನುಷ್ಯರಿಗಿಂತ ಟವೆಲಿಗೆ ಹೆಚ್ಚು ಮರ್ಯಾದೆ ಕೊಡುತ್ತಾರೆ; ನಾಲ್ಕು ದಿನ ಯಾರೂ ಅಲ್ಲಿ ಕೂರಲಿಲ್ಲ. ದಿನವೂ ಮಾರ್ಗದರ್ಶಿ ಹೇಳಿದ್ದನ್ನೆಲ್ಲ ವಿದ್ಯಾರ್ಥಿಯಂತೆ ಬರೆದುಕೊಂಡೆ. ನನ್ನ ಪಾಠಗಳಲ್ಲಿ ಎಷ್ಟು ತಪ್ಪುಗಳಿದ್ದವೆಂಬುದನ್ನೂ ಕಲಿತೆ. ಹೇಳಿಕೊಂಡು ನಗಲು ಪಕ್ಕದಲ್ಲಿದ್ದದ್ದು ಟವೆಲ್ ಒಂದೇ.

ಐದನೆಯ ದಿನ ತುರ್ಕಿಯ ಪುರಾತನ ನಗರ ಮಿಲೆಟಸ್. ಮಹಾ ಬಂದರು ಎಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು ಹೋಗಿ ನೋಡಿದರೆ, ಕಣ್ಣು ಹಾಯುವವರೆಗೆ ನಮ್ಮೂರಿನಂಥದೇ ಹತ್ತಿಯ ಹೊಲ. ನದಿ ತಂದ ಹೂಳಿನಿಂದ ಸಮುದ್ರ ಎಂದೋ ದೂರ ಸರಿದಿದೆ. ಅಲ್ಲಿಯ ಬಯಲು ರಂಗಮಂದಿರದ ಕಲ್ಲಿನ ಸಾಲೊಂದರಲ್ಲಿ, ಈ ಜಾಗ ಇಂಥವರದು ಎಂದು ಗ್ರೀಕ್ ಅಕ್ಷರಗಳಲ್ಲಿ ಕೆತ್ತಿದ್ದಾರೆ. ಇಷ್ಟು ಶತಮಾನಗಳಾದರೂ ಯಾರೂ ಎತ್ತದ ಟವೆಲ್ ಅದು. ಆ ಜಾಗದಲ್ಲಿ ಹಲ್ಲಿಯೊಂದು ಬಿಸಿಲು ಕಾಯಿಸುತ್ತಿತ್ತು.

ಗುಡಾರ ಹೊಲಿದು ಬದುಕುತ್ತ ಕ್ರೈಸ್ತಧರ್ಮ ಸಾರುತ್ತಿದ್ದ ಅಪೊಸ್ತಲರೊಬ್ಬರು ಹತ್ತಿರದ ಎಫೆಸಸ್ ನಗರದ ಸಭೆಯ ಹಿರಿಯರನ್ನು ಇದೇ ಬಂದರಿಗೆ ಕರೆಸಿ, ಇನ್ನು ಭೇಟಿಯಿಲ್ಲವೆಂದು ತಿಳಿಸಿ ಬೀಳ್ಕೊಂಡರಂತೆ. ಅವರೆಲ್ಲ ಕೊರಳು ತಬ್ಬಿ ಅತ್ತು, ಹಡಗಿನವರೆಗೂ ನಡೆದು ಕಳಿಸಿ ಬಂದರಂತೆ. ಯಾತ್ರಿಕರು ಹಾಡತೊಡಗಿದರು. ನನಗೆ ಆ ಹಾಡು ಬಾರದು. ದೂರ ನಿಂತು, ಸತ್ತು ಶತಮಾನಗಳಾದ ಆ ಹಿರಿಯರ ಮೇಲೆ ಹೊಟ್ಟೆಕಿಚ್ಚು ಪಟ್ಟೆ. ಕಳಿಸಿಕೊಡುವ ಭಾಗ್ಯವಾದರೂ ಅವರಿಗಿತ್ತು.

ಬಸ್ಸಿಗೆ ಮರಳಿ ಕೂತು ತಲೆಯೆತ್ತಿದರೆ, ತಂಡದಲ್ಲಿದ್ದ ಹುಕ್ಕೇರಿಯ ನಿವೃತ್ತ ನರ್ಸ್ ಮಾರ್ಥಾಬಾಯಿ ಮೊಣಕಾಲು ಹಿಡಿದುಕೊಂಡು ನನ್ನ ಸೀಟಿನ ಬಳಿ ನಿಂತಿದ್ದರು. ನಾಲ್ಕು ದಿನದಿಂದ ಅವರು ಗಾಲಿಯ ಮೇಲಿನ ಕೊನೆಯ ಸೀಟಿನಲ್ಲಿ ಕುಲುಕಾಡುತ್ತ ಬಂದದ್ದನ್ನು ನಾನು ಗಮನಿಸಿರಲೇ ಇಲ್ಲ.

"ಸರ, ಇಲ್ಲಿ ಯಾರ ಬರೋರದಾರ್ರಿ?"

"ನಮ್ಮ ಮನಿಯಾಕಿಗೆ ಹಿಡಿದೇನ್ರಿ," ಎಂದೆ. "ಆಕಿ ತೀರಿ ಎರಡ ವರ್ಷಾತು."

ಅವರು ಟವೆಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹಂಗಾರ ಇರ್ಲಿ ಬಿಡ್ರಿ," ಎಂದು ಮೆಲ್ಲಗೆ ಹೇಳಿ, ಕುಂಟುತ್ತ ಹಿಂದಕ್ಕೆ ಹೊರಟರು. ಅವರು ಸಿಟ್ಟಾಗಿದ್ದರೆ ನಾನು ಸುಮ್ಮನೆ ಕೂತಿರುತ್ತಿದ್ದೆನೇನೋ. ಎದ್ದು ಹೋಗಿ, ಕೈಹಿಡಿದು ಕರೆತಂದು ಕೂರಿಸಿದೆ. ಟವೆಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಅವರು ಕೂತವರೇ ನಿದ್ದೆಹೋದರು. ಚಕ್ರವರ್ತಿಗಳ ಹೆಂಡಂದಿರ ಬಗ್ಗೆ ಕೇಳುವವರು ಯಾರೂ ಇರಲಿಲ್ಲ.

ಮೊನ್ನೆ ಗೋಕಾಕದಲ್ಲಿ ಕಲ್ಲೋಳಿಗೆ ಹೊರಟು ನಿಂತಿದ್ದೆ. ಬಸ್ಸು ಬಂತು, ಟವೆಲ್ ಎಸೆದೆ. ಕೈಗೆ ಅಂಟಿದ ಚಾಳಿ ಅಷ್ಟು ಬೇಗ ಬಿಡುವುದಿಲ್ಲ. ಒಳಗೆ ಹೋಗಿ ಅದರ ಮುಂದೆ ನಿಂತೆ. ಹೋಗಿ ಬಾ ಗೌರವ್ವ, ಎಂದೆ, ಯಾರಿಗೂ ಕೇಳದ ಹಾಗೆ. ಆಮೇಲೆ ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು, ಕಿಟಕಿಯ ಕಡೆ ಸರಿದು ಕೂತೆ. ಕಲ್ಲೋಳಿಯವರೆಗೂ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ.