ಗೌರತ್ತೆಗೆ ಏನೂ ಆಗಿಲ್ಲ

ಅರಸೀಕೆರೆಯ ನಮ್ಮ ಡಾಕ್ಟರ ಶಾಪಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಯಾರದೋ ತೋಳಿಗೆ ಒರೆಸಿದ ಸ್ಪಿರಿಟ್ಟಿನ ವಾಸನೆ ಪರದೆ ದಾಟಿ ನನ್ನ ಮೂಗಿಗೆ ಬಂತು. ಈ ವಾಸನೆಗೆ ನಿಮಗೆ ಏನೇನು ನೆನಪಾಗುತ್ತದೋ ಕಾಣೆ. ನನಗೆ ಮೊದಲು ಓಡಿಹೋಗಬೇಕು ಅನ್ನಿಸುತ್ತದೆ. ಸ್ಕೂಲಿಗೆ ಸೂಜಿ ಹಾಕುವವರು ಬಂದಿದ್ದಾರೆ ಅನ್ನುವ ಸುದ್ದಿ ಕೇಳಿ ಹಿಂದಿನ ಕಾಂಪೌಂಡು ಹಾರಿದವನು ನಾನು. ಹಾರಿದ ಕಡೆ ಕತ್ತಾಳೆ ಬೆಳೆದಿತ್ತು. ಒಂದು ಸೂಜಿ ತಪ್ಪಿಸಿಕೊಳ್ಳಲು ಹೋಗಿ ಎಲ್ಲೆಲ್ಲಿ ಚುಚ್ಚಿಸಿಕೊಂಡೆ ಅನ್ನುವುದನ್ನು ನಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಬ್ಯಾಂಕಿನ ಕೆಲಸದಿಂದ ರಿಟೈರಾದ ಮೇಲೂ ಸೂಜಿ ಕಂಡರೆ ನನ್ನ ಕಾಲು ತಾನಾಗಿ ಬಾಗಿಲ ಕಡೆಗೇ ತಿರುಗುತ್ತದೆ.

ಆದರೆ ಈಗ ಕೆಲವು ವರ್ಷಗಳಿಂದ ಆ ವಾಸನೆಯ ಬೆನ್ನಿಗೇ ಗೌರತ್ತೆಯೂ ನೆನಪಿಗೆ ಬರುತ್ತಾರೆ. ಗೌರತ್ತೆ ನನ್ನ ಸೋದರತ್ತೆ, ಅಪ್ಪನ ತಂಗಿ. ಹಳೇಬೀಡಿನ ಹತ್ತಿರದ ಮಾದಿಹಳ್ಳಿಗೆ ಸೊಸೆಯಾಗಿ ಹೋದವರು. ಮಗ ಸೊಸೆಯ ಜೊತೆ ಈಗಲೂ ಅಲ್ಲೇ ಇದ್ದಾರೆ, ಎರಡು ಹಸುವಿನ ಹಾಲನ್ನು ಡೈರಿಗೆ ಹಾಕಿಸುವುದು ಈಗಲೂ ಅವರದ್ದೇ ಉಸ್ತುವಾರಿ. ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಗೌರತ್ತೆಯದು. ನನ್ನ ಕಿವಿಯಲ್ಲಿ ಹೇಳಿದವರು ಅವರು, ಆಗ ಅವರಿನ್ನೂ ಲಂಗ ಉಟ್ಟ ಹುಡುಗಿ. ನನ್ನ ತಂಗಿಯ ಕಿವಿಯಲ್ಲಿ, ಆಮೇಲೆ ನನ್ನ ಮಗನ ಕಿವಿಯಲ್ಲಿ ಹೇಳಿದವರೂ ಅವರೇ. ಬೇರೆಯವರು ಹೇಳಿದರೆ ಮಗು ಕರೆದಾಗ ತಿರುಗಿ ನೋಡುವುದಿಲ್ಲ ಎಂದು ಅವರು ಹೇಳುತ್ತಾರೆ. ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ.

ಇಂಥ ಗೌರತ್ತೆಗೆ ಒಂದು ಅಭ್ಯಾಸ. ಹುಟ್ಟಿದಾರಭ್ಯ ಅವರು ಯಾರ ಮುಂದೆಯೂ ‘ಚೆನ್ನಾಗಿದೀನಿ’ ಎಂದವರಲ್ಲ. ಹೇಗಿದೀರಿ ಅತ್ತೆ ಎಂದರೆ, “ಏನೋ ಹಿಂಗಿದೀನಿ ಕಣೋ” ಎಂದು ಒಂದು ನಿಟ್ಟುಸಿರು ಬಿಟ್ಟು ಮಂಡಿಯಿಂದ ಶುರು ಮಾಡಿ ನೆತ್ತಿಯವರೆಗೆ ಬರುತ್ತಾರೆ. ಹುಲಿಕೆರೆಯ ಕೊಳ ನೋಡಲು ಹೋದಾಗ ಅಷ್ಟೂ ಮೆಟ್ಟಿಲು ಇಳಿದು, ಕೈಕಾಲು ತೊಳೆದು, ಹತ್ತಿ ಬಂದು, ಮೇಲೆ ನಿಂತಿದ್ದ ನನ್ನ ಹತ್ತಿರ “ಕಾಲು ಹೋದ್ವು ಕಣೋ” ಎಂದಿದ್ದರು. ಮಾಲೇಕಲ್ಲು ಬೆಟ್ಟವನ್ನು ನನಗಿಂತ ಮುಂಚೆ ಹತ್ತಿ ಕೂತು, ನಾನು ಏದುಸಿರು ಬಿಡುತ್ತ ಬಂದಾಗ “ಇನ್ನು ನನ್ನ ಕೈಲಿ ಆಗಾಕಿಲ್ಲ” ಎಂದಿದ್ದೂ ಅವರೇ. ಚೆನ್ನಾಗಿದೀನಿ ಎಂದು ಬಾಯಿ ಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎನ್ನುವುದು ಅವರ ಖಚಿತ ನಂಬಿಕೆ. ನಗಬೇಡಿ. ನೀವೂ ಯಾರಾದರೂ ಕೇಳಿದಾಗ ‘ನಡೀತಿದೆ’ ಎಂದು ರಾಗ ಎಳೆಯುವವರೇ. ನಾನಂತೂ ಹೌದು.

ನಾಲ್ಕು ವರ್ಷದ ಹಿಂದೆ ನನ್ನ ಮಗನಿಗೆ ಹೆಣ್ಣುಮಗು ಹುಟ್ಟಿತು. ಅವಸರದ ಮಗು, ತಿಂಗಳು ತುಂಬುವ ಮೊದಲೇ ಬಂದುಬಿಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅಂತೂ ಬದುಕಿ, ಮೈ ಹಿಡಿದುಕೊಂಡು ಮನೆಗೆ ಬಂತು. ಕಳಿಸುವಾಗ ಮಕ್ಕಳ ಡಾಕ್ಟರು ನನ್ನ ಸೊಸೆ ಸುಮಾಳಿಗೆ ಹೇಳಿದ್ದರು: ಚಳಿಗಾಲ ಬರುತ್ತಿದೆ, ಈ ಮಗುವಿಗೆ ಶೀತಜ್ವರ ತಗುಲಿದರೆ ಕಷ್ಟ, ಅದಕ್ಕೆ ಲಸಿಕೆ ಹಾಕುವ ವಯಸ್ಸೂ ಇನ್ನೂ ಆಗಿಲ್ಲ. ಆದ್ದರಿಂದ ಎತ್ತಿಕೊಳ್ಳುವ ದೊಡ್ಡವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡಿರಬೇಕು, ಅದೂ ಎರಡು ವಾರ ಮುಂಚೆ, ಅದು ಮೈಗೆ ಹತ್ತಲು ಅಷ್ಟು ಬೇಕು.

ಸುಮಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲೂ ಮೇಡಂ. “ಮಾವ, ಲಸಿಕೆ ಹಾಕಿಸಿಕೊಳ್ಳದವರು ಬಾಗಿಲಲ್ಲೇ ನಿಂತು ನೋಡಲಿ. ಅಜ್ಜಿಯಾದ್ರೂ ಅಷ್ಟೇ,” ಎಂದಳು. ಅಜ್ಜಿ ಎಂದರೆ ಗೌರತ್ತೆ. ನನಗೆ ಸಿಟ್ಟು ಬಂತು. ನಮ್ಮಪ್ಪನ ತಂಗಿಗೆ ನಮ್ಮ ಮನೆಯ ಬಾಗಿಲಲ್ಲಿ ನಿಲ್ಲು ಅನ್ನುವುದೆಂದರೇನು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಮಗು ಒಂದು ಸಲ ಸೀನಿತು. ಬಾಯಿ ಮುಚ್ಚಿಕೊಂಡೆ. ಮಾರನೆಯ ದಿನವೇ ಹೋಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ನಾನೂ ತೋಳು ಕೊಟ್ಟೆ. ಮನೆಗೆ ಬಂದು ಈ ಸಾಹಸ ವರ್ಣಿಸಿದರೆ ಯಾರೂ ಒಂದು ಲೋಟ ಕಾಫಿ ಕೂಡ ಹೆಚ್ಚಿಗೆ ಕೊಡಲಿಲ್ಲ.

ಧನುರ್ಮಾಸ ಹಿಡಿದರೆ ಶುಭಕಾರ್ಯ ಮಾಡುವಂತಿಲ್ಲ. ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನಕ್ಕೆ ನಾಮಕರಣ ಗೊತ್ತಾಯಿತು. ಆ ಸುದ್ದಿಯನ್ನೂ ಲಸಿಕೆಯ ಷರತ್ತನ್ನೂ ಹೇಳಲು ಮಾದಿಹಳ್ಳಿಗೆ ಹೋದೆ. ಗೌರತ್ತೆ ತಕರಾರೇ ಮಾಡಲಿಲ್ಲ. “ಮಗೀಗೆ ಒಳ್ಳೇದಾಗತ್ತೆ ಅಂದ್ರೆ ಒಂದಲ್ಲ, ಎರಡು ಸೂಜಿ ಹಾಕ್ಸ್ಕೋತೀನಿ, ನಡಿ,” ಎಂದು ಆಗಲೇ ಸೀರೆ ಬದಲಾಯಿಸಿ ಹೊರಟರು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಹಿಗ್ಗಿದೆ. ಬೇಲೂರಿನಲ್ಲಿ ಬಸ್ಸಿಳಿದ ಕೂಡಲೇ ಅವರು ಕಾಫಿ ಕೇಳಿದರು. ಬಿಸಿಬಿಸಿ ಕಾಫಿ ಕುಡಿಸಿ, ಪಕ್ಕದಲ್ಲೇ ಇದ್ದ ಅವರ ಮಾಮೂಲಿ ಲೇಡಿ ಡಾಕ್ಟರ ಶಾಪಿಗೆ ಕರೆದುಕೊಂಡು ಹೋದೆ.

“ಏನಮ್ಮಾ ತೊಂದರೆ?” ಎಂದರು ಡಾಕ್ಟರು.

ಫ್ಲೂ ಲಸಿಕೆಗೆ ಬಂದಿದ್ದೇವೆ ಎಂದು ನಾನು ಹೇಳುವಷ್ಟರಲ್ಲಿ ಗೌರತ್ತೆ ಶುರು ಮಾಡಿಯಾಗಿತ್ತು.

“ಏನ್ ಹೇಳಾದು ಡಾಕ್ಟ್ರಮ್ಮಾ. ರಾತ್ರಿಯೆಲ್ಲ ಕೆಮ್ಮು. ಮೈಯೆಲ್ಲ ಕೆಂಡ ಆದಂಗೆ ಆಯ್ತದೆ. ತಲೆ ಸುತ್ತು ಬೇರೆ ಐತೆ.” ಹೇಳಿ, ಸಾಕ್ಷಿಗೆ ಎರಡು ಸಲ ಕೆಮ್ಮಿ ತೋರಿಸಿದರು.

ಡಾಕ್ಟರು ಥರ್ಮಾಮೀಟರನ್ನು ಅವರ ನಾಲಿಗೆಯ ಕೆಳಗಿಟ್ಟರು. ಆಗತಾನೆ ಕುಡಿದ ಕಾಫಿ ಅಲ್ಲಿ ತನ್ನ ಕೆಲಸ ಮಾಡಿತ್ತು. “ಜ್ವರ ಇದೆಯಲ್ಲಾ. ಜ್ವರ ಇದ್ದಾಗ ಲಸಿಕೆ ಬೇಡ. ಮಾತ್ರೆ ಬರೆದುಕೊಡ್ತೀನಿ, ಪೂರ್ತಿ ವಾಸಿಯಾದ ಮೇಲೆ ಮುಂದಿನ ವಾರ ಬನ್ನಿ,” ಎಂದು ಮುಂದಿನವರನ್ನು ಕರೆದುಬಿಟ್ಟರು. ಕಾಫಿಯ ವಿಚಾರ ನನಗೆ ಹೊಳೆದಿದ್ದು ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ಆ ಹೋಟೆಲನ್ನು ಮತ್ತೆ ನೋಡಿದಾಗ.

“ಅತ್ತೆ, ನಿಮಗೆ ಕೆಮ್ಮು ಯಾವಾಗ ಬಂತು?”

“ಕೆಮ್ಮು ಎಲ್ಲೋ ಐತೆ? ಏನೂ ಆಗ್ದೆ ಸುಮ್ನೆ ಡಾಕ್ಟ್ರ ತಾವ ಹೋಗಿ ಕೂತ್ಕಂಡ್ರೆ ಆಯಮ್ಮ ಏನಂದ್ಕತಾರೆ? ಅಲ್ದೆ, ಕಾಯಿಲೆ ಜೋರಾಗೈತೆ ಅಂದ್ರೆ ತಾನೇ ಸೂಜಿ ಹಾಕೋದು? ಇಲ್ದಿದ್ರೆ ಮಾತ್ರೆ ಕೊಟ್ಟು ಕಳಿಸ್ತಾರೆ.”

ನೋಡಿ, ಇದರಲ್ಲಿ ಅವರ ತಪ್ಪೇನಿದೆ? ನಮ್ಮ ಕಡೆ ಸೂಜಿ ಎಂದರೆ ಕಾಯಿಲೆಯವರಿಗೆ ಸಿಗುವ ಮರ್ಯಾದೆ. ಸೂಜಿ ಹಾಕದ ಡಾಕ್ಟರನ್ನು ನಮ್ಮವರು ಡಾಕ್ಟರೆಂದೇ ಲೆಕ್ಕಕ್ಕೆ ಇಡುವುದಿಲ್ಲ. ಚೆನ್ನಾಗಿರುವವರಿಗೆ, ಚೆನ್ನಾಗಿರುವುದಕ್ಕೇ ಹಾಕುವ ಸೂಜಿಯೂ ಒಂದಿದೆ ಎಂದು ಅವರಿಗೆ ಬಿಡಿಸಿ ಹೇಳಬೇಕಾದವನು ನಾನು. ಹೇಳಿದಾಗ ಅವರ ಮುಖ ಬಾಡಿಹೋಯಿತು. “ಹಂಗಾರೆ ನಾನು ಮಗೀನ ಮುಟ್ಟಂಗಿಲ್ವೇನೋ?” ಎಂದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಲೆಕ್ಕ ಹಾಕಿದೆ. ಮುಂದಿನ ವಾರ ಹಾಕಿಸಿದರೆ ನಾಮಕರಣಕ್ಕೆ ಸರಿಯಾಗಿ ಎರಡು ವಾರ ಉಳಿಯುತ್ತಿತ್ತು. ಅದೂ ತಪ್ಪಿದರೆ ಗೌರತ್ತೆ ಬಾಗಿಲಲ್ಲಿ ನಿಂತಿರುತ್ತಾರೆ, ಹೆಸರನ್ನು ಇನ್ಯಾರೋ ಹೇಳುತ್ತಾರೆ. ದಿನ ಮುಂದಕ್ಕೆ ಹಾಕೋಣವೆಂದರೆ ಧನುರ್ಮಾಸ. ಸುಮಾಳ ಹತ್ತಿರ ರಿಯಾಯಿತಿ ಕೇಳುವ ಮಾತೇ ಇರಲಿಲ್ಲ, ಕೇಳಲು ನನಗೂ ಮನಸ್ಸಾಗಲಿಲ್ಲ.

ಮುಂದಿನ ವಾರ ಮತ್ತೆ ಬೇಲೂರಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಪಾಠ. “ಅತ್ತೆ, ಏನು ತೊಂದರೆ ಅಂತ ಕೇಳ್ತಾರೆ. ನೀವು ಏನೂ ಇಲ್ಲ, ಚೆನ್ನಾಗಿದೀನಿ ಅನ್ನಬೇಕು. ಅಷ್ಟೇ.”

“ಅಷ್ಟೇ ಅಂತೀಯಲ್ಲ. ಹಂಗನ್ನಕ್ಕೆ ನಾಲಿಗೆ ಹೊರಳಬೇಕಲ್ಲೋ,” ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಕಾಫಿ ಬೇಡವೆಂದು ಅವರೇ ಹೇಳಿದರು.

ಅವತ್ತು ಬೇಲೂರಿನ ಸಂತೆ. ಶಾಪಿನ ತುಂಬ ಜನ, ಅದರಲ್ಲಿ ಅರ್ಧ ಗೌರತ್ತೆಯ ಗುರುತಿನವರು. ಕೂತ ಕೂಡಲೇ ಕಾಯಿಲೆಗಳ ಮಾತು ಶುರುವಾಯಿತು. ಒಬ್ಬಾಕೆ ಸೊಂಟ ಎಂದರೆ ಇನ್ನೊಬ್ಬಾಕೆ ಸೊಂಟವೂ ಹೌದು, ಎದೆಯುರಿಯೂ ಹೌದು ಎನ್ನುತ್ತಿದ್ದಳು. ಈ ಪಂದ್ಯದಲ್ಲಿ ಗೌರತ್ತೆ ಎಂದೂ ಸೋತವರಲ್ಲ. ಅವತ್ತೂ ಸುಮ್ಮನಿರಲಾಗದೆ ಮಂಡಿಯಿಂದ ಶುರು ಮಾಡಿ ಕುತ್ತಿಗೆಯವರೆಗೆ ಬಂದಿದ್ದರು. ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕೂಗಿದರು. ಒಳಗೆ ಹೋದರೆ ನಡುವೆ ಇದ್ದಿದ್ದು ಒಂದು ತೆಳು ಪರದೆ ಮಾತ್ರ, ಒಳಗಿನ ಮಾತೆಲ್ಲ ಹೊರಗಿನವರಿಗೆ ಕೇಳುತ್ತಿತ್ತು.

“ಏನಮ್ಮಾ ತೊಂದರೆ?”

ಗೌರತ್ತೆ ನನ್ನ ಮುಖ ನೋಡಿದರು. ಪರದೆಯ ಆಚೆ ಮಾತು ನಿಂತಿತ್ತು, ಎಲ್ಲರೂ ಕಿವಿಗೊಟ್ಟಿದ್ದರು. ಅವರ ಬಾಯಿ ‘ಏನ್ ಹೇಳಾದು’ ಅನ್ನುವ ಆಕಾರಕ್ಕೆ ಬಂದಿದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ನುಂಗಿಕೊಂಡರು. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ನಂಗೇನೂ ಆಗಿಲ್ಲ.”

“ಕೆಮ್ಮು?”

“ಇಲ್ಲ.”

“ತಲೆ ಸುತ್ತು? ಹೋದ ವಾರ ಹೇಳಿದ್ರಲ್ಲಾ.”

“ಹೋದ್ವಾರ ಹೇಳಿದ್ದು ನಿಮ್ಮ ಮರ್ಯಾದೆಗೆ ಡಾಕ್ಟ್ರಮ್ಮಾ. ಇವತ್ತು ಹೇಳ್ತಿರೋದು ನಮ್ಮ ಮಗೀಗೋಸ್ಕರ. ನಂಗೆ ಏನೂ ಆಗಿಲ್ಲ. ಉಂಡಿದ್ದು ಅರಗ್ತದೆ, ಮಲಗಿದ್ರೆ ನಿದ್ದೆ ಬತ್ತದೆ. ಗುಂಡುಕಲ್ಲಿನಂಗಿದೀನಿ. ಹಾಕಿ ಸೂಜಿ.”

ಕೊನೆಯ ಮಾತುಗಳು ಬೀದಿಯವರೆಗೂ ಕೇಳಿಸಿರಬೇಕು. ಹೊರಗೆ ಯಾರೋ “ಅಯ್ಯೋ ಶಿವನೇ, ಗೌರಕ್ಕ ಹಿಂಗಂತಾವಳಲ್ಲಾ” ಎಂದರು. ಡಾಕ್ಟರು ತುಟಿ ಕಚ್ಚಿ ನಗು ತಡೆದುಕೊಂಡು ಥರ್ಮಾಮೀಟರು ಇಟ್ಟರು. ಜ್ವರ ಇರಲಿಲ್ಲ. ಲಸಿಕೆ ತೆಗೆದರು. ಗೌರತ್ತೆ ಸೂಜಿಯನ್ನು ಕಣ್ಣು ಮಿಟುಕಿಸದೆ ನೋಡಿದರು. ಕಣ್ಣು ಮುಚ್ಚಿಕೊಂಡವನು ನಾನು.

ಹೊರಗೆ ಬಂದ ಮೇಲೆ ಅವರು ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು. “ಅಷ್ಟು ಜನದ ಮುಂದೆ ಚೆನ್ನಾಗಿದೀನಿ ಅಂದ್ಬಿಟ್ಟಿದೀನಿ. ನಿವಾಳಿಸು,” ಎಂದರು. ಆಟೋ ಸ್ಟ್ಯಾಂಡಿನ ಪಕ್ಕದಲ್ಲಿ, ಪ್ಯಾಂಟು ಶರಟು ಹಾಕಿದ ನಾನು, ನೋಡುವವರೆಲ್ಲ ನೋಡುತ್ತಿರುವಾಗ ಅವರಿಗೆ ದೃಷ್ಟಿ ತೆಗೆದೆ. “ಡಾಕ್ಟ್ರಮ್ಮಂದು ಜ್ವರಕ್ಕೆ, ಇದು ಜನದ ಕಣ್ಣಿಗೆ. ಈಗ ಸರಿಹೋಯ್ತು. ನಡಿ, ಕಾಫಿ ಕುಡ್ಸು,” ಎಂದರು ಗೌರತ್ತೆ. ಅವತ್ತು ಎರಡು ಕಾಫಿ ಕುಡಿಸಿದೆ, ಜೊತೆಗೆ ಮಸಾಲೆ ದೋಸೆ.

ನಾಮಕರಣದ ದಿನ ಅವರು ಬಂದಾಗ ಸುಮಾ ಸೋಪು ನೀರು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗೌರತ್ತೆ ಮೊಣಕೈವರೆಗೂ ತಿಕ್ಕಿ ತೊಳೆದು, “ಇನ್ನೂ ತೊಳೀಬೇಕಾ ಮೇಡಮ್ಮೋರೆ?” ಎಂದು ಕೇಳಿದರು. ಸುಮಾ ನಕ್ಕು, ಒಳಗೆ ಹೋಗಿ, ನಾವು ಯಾರೂ ಹೇಳುವ ಮೊದಲೇ ಮಗುವನ್ನು ತಂದು ತಾನೇ ಅವರ ತೊಡೆಯ ಮೇಲೆ ಮಲಗಿಸಿದಳು. “ನಿಮ್ಮ ಮಗು ಅಜ್ಜಿ, ಹೆಸರು ಹೇಳಿ,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನನ್ನದರ ವಿಚಾರ ಬಿಡಿ. ಗೌರತ್ತೆ ಬಗ್ಗಿ ಆ ಚಿಕ್ಕ ಕಿವಿಯಲ್ಲಿ ಮೂರು ಸಲ ‘ಜಾನಕಿ’ ಎಂದರು. ಆಮೇಲೂ ತಲೆ ಎತ್ತದೆ ಇನ್ನೇನೋ ಪಿಸುಗುಟ್ಟಿದರು. ಏನು ಹೇಳಿದಿರಿ ಎಂದು ಕೇಳಿದೆ.

“ಗುಂಡುಕಲ್ಲಿನಂಗಿರು ಅಂದೆ. ಹೇಳಿಕೊಳ್ಳಕ್ಕೆ ನಾಚ್ಕೋಬೇಡ ಅಂತಾನೂ ಅಂದೆ.”

ಜಾನಕಿ ಈಗ ಶಾಲೆಗೆ ಹೋಗುತ್ತಾಳೆ. ಕರೆದರೆ ತಿರುಗಿ ನೋಡುತ್ತಾಳೆ, ಬರುವುದು ಮಾತ್ರ ಅವಳಿಷ್ಟ. ಎಂಬತ್ತು ದಾಟಿದ ಗೌರತ್ತೆ ಪ್ರತಿ ವರ್ಷ ಚಳಿಗೆ ಮುಂಚೆ ಮಾದಿಹಳ್ಳಿಯ ಹೆಂಗಸರನ್ನು ಗುಂಪು ಕಟ್ಟಿಕೊಂಡು ಬೇಲೂರಿಗೆ ಹೋಗುತ್ತಾರೆ. ದಾರಿಯಲ್ಲಿ ಬಸ್ಸಿನಲ್ಲೇ ಅವರಿಗೆ ಪಾಠವಂತೆ: ಯಾರೂ ಕೆಮ್ಮಬಾರದು, ಯಾರೂ ಕಾಫಿ ಕುಡಿಯಬಾರದು, ಕೇಳಿದರೆ ಏನೂ ಆಗಿಲ್ಲ ಅನ್ನಬೇಕು. ಉಪ್ಪು ಮೆಣಸಿನಕಾಯಿ ಎಲ್ಲರ ಲೆಕ್ಕದಲ್ಲಿ ಅವರೇ ತರುತ್ತಾರೆ. ಇವತ್ತು ಬೆಳಿಗ್ಗೆ ಫೋನು ಮಾಡಿ, “ನಂದಾಯ್ತು. ನಿಂದು ಯಾವಾಗ್ಲೋ?” ಎಂದು ಬೈದಿದ್ದಕ್ಕೇ ನಾನು ಈ ಬೆಂಚಿಗೆ ಬಂದು ಕೂತಿದ್ದು.

ನನ್ನ ಸರದಿ ಬಂತು. ಒಳಗೆ ಹೋದೆ. “ಹೇಳಿ ಸಾರ್, ಏನು ತೊಂದರೆ?” ಎಂದರು ಡಾಕ್ಟರು. ಮಂಡಿ ನೋವು ನಾಲಿಗೆಯ ತುದಿಯಲ್ಲೇ ಇತ್ತು, ಅದರ ಹಿಂದೆ ಗ್ಯಾಸ್ಟ್ರಿಕ್ಕು ಕಾದಿತ್ತು. ಎರಡನ್ನೂ ನುಂಗಿಕೊಂಡು ನೆಟ್ಟಗೆ ಕೂತು ಹೇಳಬೇಕಾದ್ದನ್ನು ಹೇಳಿದೆ. ತೋಳು ಕೊಟ್ಟೆ. ಕಣ್ಣು ಬಿಟ್ಟುಕೊಂಡೇ ಇದ್ದೆ, ನಂಬುವುದಾದರೆ ನಂಬಿ. ಹೊರಗೆ ಬಂದು, ತೋಳು ಒತ್ತಿಕೊಂಡು, ಮಾದಿಹಳ್ಳಿಗೆ ಫೋನು ಹಚ್ಚಿದೆ.

“ಹಾಕ್ಸ್ಕಂಡ್ಯಾ?”

“ಆಯ್ತು ಅತ್ತೆ.”

“ಡಾಕ್ಟ್ರು ಕೇಳಿದ್ಕೆ ಏನಂದೆ?”

“ಗುಂಡುಕಲ್ಲಿನ ಹಾಗಿದೀನಿ ಅಂದೆ.”

“ಜೋರಾಗಂದ್ಯಾ?”

“ಬೀದಿಗೆ ಕೇಳಿಸೋ ಹಾಗೆ ಅಂದೆ ಅತ್ತೆ.”

ಆ ಕಡೆಯಿಂದ ಗೌರತ್ತೆ ನಕ್ಕಿದ್ದು ಕೇಳಿಸಿತು. “ಸರಿ, ಹಂಗಾದ್ರೆ ಮನೆಗೋಗಿ ಜಾನಕಿ ಕೈಲಿ ದೃಷ್ಟಿ ತೆಗೆಸ್ಕೋ,” ಎಂದರು. ಅಂಗಡಿಯಲ್ಲಿ ಒಂದಿಷ್ಟು ಒಣಮೆಣಸಿನಕಾಯಿ ಕೊಂಡು, ಎದೆ ಎತ್ತಿಕೊಂಡು ಮನೆಯ ಕಡೆ ಹೊರಟೆ.