ನೇರಳೆ ಉರಿಗೆ ಕಣ್ಣಿಟ್ಟ ಶಟ್ಟೆವ್ವ

ಬೈಲಹೊಂಗಲದ ಹಿಟ್ಟಿನ ಗಿರಣಿಗಳು ಇನ್ನೂ ಎದ್ದಿಲ್ಲ. ಬೆಳಗಿನ ಐದೂವರೆ, ಕರೆಂಟು ಏರಿಳಿಯದೆ ಬರುವ ಹೊತ್ತು ಇದೊಂದೇ. ಊರಾಚೆಯ ಕಾಲೇಜಿನ ಪ್ರಯೋಗಾಲಯದಲ್ಲಿ ಐವತ್ತೆರಡರ ಶಟ್ಟೆವ್ವ ಸೆರಗು ಬಿಗಿದು, ಗಾಳಿ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯ ದುಂಡು ಗಾಜಿಗೆ ಮುಖ ಹಚ್ಚುತ್ತಾಳೆ. ಒಳಗೆ ಸೌದೆಯಿಲ್ಲ, ಎಣ್ಣೆಯಿಲ್ಲ. ಆದರೂ ಸಣ್ಣ ತೂತಿನಿಂದ ನೇರಳೆ ಉರಿ ಹೊರಟು, ನಡುದಾರಿಯಲ್ಲಿ ಯಾರೋ ಅಂಗೈ ಅಡ್ಡ ಹಿಡಿದಂತೆ ಗಕ್ಕನೆ ನಿಂತು, ಬೆಳ್ಳಗೆ ಬಿಲ್ಲೆಯಾಗುತ್ತದೆ.

ಉರಿ ಆರ್ಗಾನ್ ಅನಿಲದ್ದು. ಮೈಕ್ರೋವೇವ್ ಅಲೆಗಳು ಅದನ್ನು ಕಾಯಿಸಿ ಪ್ಲಾಸ್ಮಾ ಮಾಡುತ್ತವೆ. ಬರಿದಾದ ಪೆಟ್ಟಿಗೆಯೊಳಗೆ ಅದು ಶಬ್ದಕ್ಕಿಂತ ವೇಗವಾಗಿ ನುಗ್ಗಿ ಹರಡುತ್ತದೆ. ಬಿಲ್ಲೆ ಎಲ್ಲಿ ನಿಲ್ಲಬೇಕೆಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವವಳು ಚಚಡಿಯ ಊರಿನ ಸಂಶೋಧಕಿ ಸಪ್ನಾ. ಎಲ್ಲಿ ನಿಂತಿದೆಯೆಂದು ನೋಡಿ ಬರೆಯುವವಳು ಶಟ್ಟೆವ್ವ. ಈ ಕೆಲಸ ಮಾಡುತ್ತಿದ್ದ ಕ್ಯಾಮೆರಾ ಸುಟ್ಟು ಎರಡು ವರ್ಷವಾಯಿತು.

ತೊರಗಲ್ಲಿನಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಗಂಡ ತೀರಿದ ಮೇಲೆ ಇಲ್ಲಿಗೆ ಕಸ ಹೊಡೆಯಲು ಬಂದು ಹದಿನಾರು ವರ್ಷ. ಈಗ ದಿನಕ್ಕೆ ನಲವತ್ತು ಸಲ ನೋಟ, ನಲವತ್ತು ಅಂಕಿ. "ಮೊದಲ ದಿನ ಕೊಳ್ಳಿದೆವ್ವ ಅಂತ ಓಡಿದ್ನಿರಿ. ಈಗ ಅದಽ ನನ್ನ ನೋಡಾಕ ಹತ್ತೇತಿ ಅನಸತೈತಿ."

ಹೋದ ತಿಂಗಳು ಸಪ್ನಾಳ ಲೆಕ್ಕ, ಬಿಲ್ಲೆ ತೂತಿನಿಂದ ಹದಿನಾಲ್ಕು ಮಿಲಿಮೀಟರ್ ದೂರ ಎಂದಿತು. ಶಟ್ಟೆವ್ವ ಹನ್ನೊಂದು ಬರೆದಳು. ಮರುದಿನವೂ ಹನ್ನೊಂದೇ. ಸಪ್ನಾ ಆ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದಳು.

"ಯವ್ವಾ, ಒತ್ತಡ ಮಾಪಕದ ಮುಳ್ಳು ಸರಿ ಐತಿ, ಲೆಕ್ಕ ಸರಿ ಐತಿ. ಕನ್ನಡಕ ಬದಲ್ ಮಾಡ್ರಿ."

"ಉರಿ ಅಲ್ಲೇ ನಿಂತೈತ್ರಿ ಅಕ್ಕಾರ. ಮುಂದ ಸರಿ ಅಂತ ಅದಕ್ಕಽ ಹೇಳ್ರಿ."

"ನಾಳೆನೂ ಹಿಂಗಽ ಆದ್ರ ಬ್ಯಾರೆಯವರನ್ನ ಕುಂಡ್ರಸತೇನಿ."

"ಕುಂಡ್ರಸ್ರಿ. ಅವರಿಗೂ ಕಣ್ಣ ಇರತಾವಲ್ಲ."

ಮೂರನೆಯ ಬೆಳಗು ಮತ್ತೆ ಹನ್ನೊಂದು. ಉರಿಯ ಅಂಚು ಗುಲಾಬಿಗೆ ತಿರುಗಿತ್ತು. ಶಟ್ಟೆವ್ವ ತಲೆ ಹಿಂದೆಗೆದರೆ ಕಪಾಳಕ್ಕಿಳಿದ ಬಿಳಿಗೂದಲೊಂದು ಗಾಜಿಗೆ ಅಂಟಿಕೊಂಡೇ ಉಳಿಯಿತು. ಒಳಗಿನದು ಮೆಲ್ಲಗೆ ಉಸಿರೆಳೆದುಕೊಳ್ಳುತ್ತಿದ್ದಂತೆ ಕೂದಲು ಬಿಗಿಯಾಯಿತು. ಅವಳು ಕೈ ಚಾಚಿ ಯಂತ್ರ ಆರಿಸಿದಳು. ಪೆಟ್ಟಿಗೆಗೆ ನಿಧಾನ ಗಾಳಿ ಬಿಟ್ಟು, ಗಾಜು ಒರೆಸಿದಳು. ಒಂದು ಗೆರೆ ಮಾತ್ರ ಒರೆಸಿದರೂ ಹೋಗಲಿಲ್ಲ.

ಗಾಜು ಈ ಅಂಚಿನಿಂದ ಆ ಅಂಚಿಗೆ ಸೀಳಿತ್ತು. ಹೊರಗಿನ ಗಾಳಿ ಒಳಗೆ ಸೋರುತ್ತಿತ್ತು, ಗಾಜು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದಿತ್ತು. ಮಾಪಕದ ಮುಳ್ಳು ಸಿಕ್ಕಿಕೊಂಡು ಅದನ್ನು ತೋರಿಸಿರಲಿಲ್ಲ. ಬೇರೆ ಮಾಪಕ ಹಚ್ಚಿ ನಿಜವಾದ ಒತ್ತಡದ ಅಂಕಿ ತುಂಬಿದಾಗ ಸಪ್ನಾಳ ಲೆಕ್ಕವೂ ಹನ್ನೊಂದಕ್ಕೇ ಬಂದು ನಿಂತಿತು.

"ಹದಿನಾಲ್ಕ ಬರದು ಅಲ್ಲೇ ಕುಂತಿದ್ರ ಈ ಮಾರಿ ಉಳೀತಿದ್ದಿಲ್ರಿ," ಎನ್ನುತ್ತಾ ಶಟ್ಟೆವ್ವ ಮುಖ ಸವರಿಕೊಂಡು ದಾಖಲೆ ಪುಸ್ತಕ ತೆರೆಯುತ್ತಾಳೆ. ಹೊಡೆದು ಹಾಕಿದ ಅಂಕಿಗಳನ್ನು ಸಪ್ನಾ ಮತ್ತೆ ಬರೆದಿದ್ದಾಳೆ. ಪ್ರತಿಯೊಂದರ ಮುಂದೂ ದುಂಡಗಿನ ಅಕ್ಷರದಲ್ಲಿ ಶಟ್ಟೆವ್ವನ ಸಹಿ.

"ಪಗಾರದ ಹಾಳಿ ಬಿಟ್ರ ನನ್ನ ಸಹಿ ಕೇಳಿದ್ದು ಇದಽ ಮೊದಲ್ರಿ."